ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣಕ್ಕಿರುವ ಮರುಭೂಮಿ ಉದ್ಯಾನ. ಲಾಸ್ ಏಂಜಲೀಸ್ ನಗರದಿಂದ ಪೂರ್ವಕ್ಕೆ ಸುಮಾರು 210 ಕಿಲೋಮೀಟರ್ ದೂರದಲ್ಲಿ, ರಿವರ್‌ಸೈಡ್ ಮತ್ತು ಸ್ಯಾನ್ ಬರ್ನಾರ್ಡಿನೊ ಕೌಂಟಿಗಳಲ್ಲಿ ಹರಡಿಕೊಂಡಿದೆ. ವಿಸ್ತೀರ್ಣ ಸುಮಾರು 8 ಲಕ್ಷ ಎಕರೆ, ಎಂದರೆ 3,200 ಚದರ ಕಿಲೋಮೀಟರ್. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಮೂರೂವರೆ ಪಟ್ಟು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಬಂಡೆಗಳು, ಜೋಶುವಾ ಮರವೆಂಬ ಸೊಟ್ಟಸೊಟ್ಟ ಕೊಂಬೆಗಳ ಸಸ್ಯ, ಬಿಸಿಲಿಗೆ ಹೊಂದಿಕೊಂಡ ಪ್ರಾಣಿಪಕ್ಷಿಗಳು ಇಲ್ಲಿನ ಆಕರ್ಷಣೆ. 1936ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಗಿ, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಚೆಗೆ ವರ್ಷಕ್ಕೆ ಸುಮಾರು 30 ಲಕ್ಷ ಜನ ಬಂದುಹೋಗುತ್ತಾರೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 10ರಿಂದ 13 ಸೆಂಟಿಮೀಟರ್. ಕರ್ನಾಟಕದ ಒಣ ಸೀಮೆಯೆನಿಸಿದ ಚಳ್ಳಕೆರೆಯಲ್ಲೂ ಇದರ ಮೂರು ಪಟ್ಟಿಗಿಂತ ಹೆಚ್ಚು ಮಳೆಯಾಗುತ್ತದೆ. ಆದರೂ ಈ ಉದ್ಯಾನದಲ್ಲಿ ಕಣ್ಣಿಗೆ ಬೀಳುವ ಬಹುತೇಕ ಸಂಗತಿಗಳ ಹಿಂದೆ ಇರುವುದು ನೀರೇ. ಬಂಡೆಗಳ ಮೂಲೆ ಸವೆಸಿ ಗುಂಡಾಗಿಸಿದ್ದು ಹಿಂದೊಮ್ಮೆ ನೆಲದೊಳಗೆ ಇಳಿದ ನೀರು. ತಾಳೆಮರಗಳ ತೋಪುಗಳನ್ನು ಸಾಕುತ್ತಿರುವುದು ನೆಲದ ಸೀಳಿನಲ್ಲಿ ಒಸರುವ ನೀರು. ಪ್ರಾಣಿಗಳ ಮೈಕಟ್ಟನ್ನೂ ದಿನಚರಿಯನ್ನೂ ನಿಶ್ಚಯಿಸಿರುವುದು ನೀರಿನ ಅಭಾವ. ಇಷ್ಟು ತಿಳಿದು ಹೋದವರಿಗೆ ನೋಡಲು ಬೇಕಾದಷ್ಟಿದೆ. ತಿಳಿಯದೆ ಹೋದರೆ ಅದು ಫೋಟೊ ತೆಗೆಸಿಕೊಳ್ಳುವ ಕಲ್ಲುರಾಶಿ, ಅಷ್ಟೆ.

ಎರಡು ಮರುಭೂಮಿಗಳು

ಉದ್ಯಾನದೊಳಗೆ ಎರಡು ಮರುಭೂಮಿಗಳು ಕೂಡುತ್ತವೆ. ಪಶ್ಚಿಮದ ಎತ್ತರದ ಭಾಗ ಮೊಹಾವಿ ಮರುಭೂಮಿ. ಪೂರ್ವದ ತಗ್ಗಿನ ಭಾಗ ಕೊಲೊರಾಡೊ ಮರುಭೂಮಿ. ಎರಡನೆಯದಕ್ಕೆ ಹೆಸರು ಬಂದದ್ದು ಆ ಹೆಸರಿನ ರಾಜ್ಯದಿಂದಲ್ಲ, ನದಿಯಿಂದ. ಮೆಕ್ಸಿಕೊದವರೆಗೆ ಹಬ್ಬಿರುವ ಸೊನೋರ ಮರುಭೂಮಿಯ ಒಂದು ಅಂಚು ಅದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವನ್ನು ಇವೆರಡರ ಗಡಿಯೆಂದು ಸ್ಥೂಲವಾಗಿ ಹೇಳಬಹುದು. ಉದ್ಯಾನದ ಅತಿ ಎತ್ತರದ ಶಿಖರ ಕ್ವೇಲ್ ಮೌಂಟನ್, 1,773 ಮೀಟರ್.

ಪಶ್ಚಿಮದಿಂದ ಪಿಂಟೊ ಬೇಸಿನ್ ರಸ್ತೆ ಹಿಡಿದು ಇಳಿಯುತ್ತ ಹೋದರೆ ಈ ಬದಲಾವಣೆ ಕಾರಿನ ಕಿಟಕಿಯಲ್ಲೇ ಕಾಣುತ್ತದೆ. ಜೋಶುವಾ ಮರಗಳು ವಿರಳವಾಗಿ, ಆಮೇಲೆ ಇಲ್ಲವಾಗುತ್ತವೆ. ಬಂಡೆಗಳೂ ಹಿಂದೆ ಸರಿಯುತ್ತವೆ. ಕ್ರಿಯೋಸೋಟ್ ಪೊದೆಗಳು ಆಳಿಗೊಂದು ಜಾಗ ಹಂಚಿಕೊಂಡಂತೆ ದೂರದೂರ ನಿಂತ ಬಯಲು ಶುರುವಾಗುತ್ತದೆ. ಮಳೆ ಬಂದು ನಿಂತಾಗ ಮರುಭೂಮಿಯಿಂದ ಏಳುವ ಘಾಟು ವಾಸನೆ ಈ ಪೊದೆಯ ಎಲೆಗಳದು. ಬಯಲಿನ ನಡುವೆ ಒಂದು ಕಡೆ ಚೋಯಾ ಕಳ್ಳಿಗಳೇ ದಟ್ಟವಾಗಿ ಬೆಳೆದ ತಾಣವಿದೆ. ಇಳಿಬಿಸಿಲಿನಲ್ಲಿ ಮುಳ್ಳುಗಳೆಲ್ಲ ಹೊಳೆಯುವಾಗ ಅದು ಮೃದುವಾದ ತುಪ್ಪಳದಂತೆ ಕಾಣುವುದು ಮೋಸ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿವೆ. ತಾಗಿದರೆ ಸಾಕು, ಕಳ್ಳಿಯ ಗಿಣ್ಣು ಇಡಿಯಾಗಿ ಕಳಚಿಕೊಂಡು ಬಟ್ಟೆಗೋ ಚರ್ಮಕ್ಕೋ ಅಂಟುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ ಹತ್ತಿಕೊಳ್ಳುತ್ತದೆ. ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿಸಿ ಎತ್ತಿ ಎಸೆಯುವುದು ಅಲ್ಲಿನವರ ಉಪಾಯ.

ಬಂಡೆಗಳು

ಇಲ್ಲಿನ ಹಳೆಯ ಕಲ್ಲು ಪಿಂಟೊ ನೈಸ್. ವಯಸ್ಸು ಸುಮಾರು 170 ಕೋಟಿ ವರ್ಷ, ಬಣ್ಣ ಕಪ್ಪು. ಆದರೆ ಜನ ನೋಡಲು ಬರುವುದು ಇದನ್ನಲ್ಲ. 10 ಕೋಟಿ ವರ್ಷಗಳಿಗೂ ಹಿಂದೆ ಭೂಮಿಯ ಚಿಪ್ಪಿನ ಚಲನೆಯಿಂದ ಕರಗಿದ ಶಿಲಾಪಾಕ ಮೇಲಕ್ಕೆದ್ದು, ಈ ಹಳೆಯ ಕಲ್ಲಿನೊಳಕ್ಕೆ ನುಗ್ಗಿ, ಹೊರಗೆ ಬರಲಾರದೆ ನೆಲದಡಿಯಲ್ಲೇ ತಣಿಯಿತು. ಹೀಗೆ ಹುಟ್ಟಿದ ಗ್ರಾನೈಟ್ ಜಾತಿಯ ಕಲ್ಲಿಗೆ ಮಾಂಜೊಗ್ರಾನೈಟ್ ಎಂದು ಹೆಸರು. ಬಹಳ ನಿಧಾನವಾಗಿ ತಣಿದದ್ದರಿಂದ ಅದರ ಹರಳುಗಳು ದಪ್ಪ. ಜಾರಿದರೆ ಅಂಗೈ ತರಚುವಷ್ಟು ಒರಟು.

ತಣಿಯುವಾಗ ಮತ್ತು ಆಮೇಲೆ ಈ ಕಲ್ಲಿನಲ್ಲಿ ಬಿರುಕುಗಳೆದ್ದವು. ಮೇಲಿದ್ದ ಮೈಲುಗಟ್ಟಲೆ ದಪ್ಪದ ಪದರ ಸವೆದುಹೋಗಿ ಭಾರ ಇಳಿದಾಗ ಅಡ್ಡ ಬಿರುಕುಗಳು ಬಂದವು. ಕಲ್ಲು ಒತ್ತಡಕ್ಕೆ ಸಿಕ್ಕಾಗ ಲಂಬವಾಗಿ ಸೀಳಿತು. ಇವನ್ನು ಓರೆಯಾಗಿ ಕತ್ತರಿಸುವ ಇನ್ನೊಂದು ಬಗೆಯ ಸೀಳುಗಳೂ ಸೇರಿಕೊಂಡವು. ಇಷ್ಟಾದಾಗ ನೆಲದಡಿಯ ಕಲ್ಲು ಚೌಕ ಚೌಕದ ಅಚ್ಚುಗಳಾಗಿ ವಿಂಗಡವಾಗಿತ್ತು. ಆಗ ಈ ಸೀಮೆ ಇಂದಿನಷ್ಟು ಒಣಗಿರಲಿಲ್ಲ. ಮಳೆನೀರು ಸೀಳುಗಳಲ್ಲಿ ಇಳಿದು ಹರಳುಗಳನ್ನು ನಿಧಾನವಾಗಿ ಜೇಡಿಯಾಗಿಸಿತು. ಮೂಲೆಗೆ ಮೂರು ಕಡೆಯಿಂದ ನೀರು ತಗಲುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೊದಲು ಕರಗಿದ್ದು ಮೂಲೆ. ಚೌಕಗಳು ಮಣ್ಣಿನೊಳಗೇ ದುಂಡಗಾದವು. ಮುಂದೆ ಹವೆ ಒಣಗಿತು, ಗಿಡಮರ ಕಡಿಮೆಯಾಯಿತು, ಹಿಡಿತ ತಪ್ಪಿದ ಮಣ್ಣನ್ನು ಆಗಾಗ ಬಂದ ದಿಢೀರ್ ನೆರೆಗಳು ಕೊಚ್ಚಿಕೊಂಡು ಹೋದವು. ಸುತ್ತಲ ಮಣ್ಣು ಹೋದ ಮೇಲೆ ಗುಂಡುಗಳು ಇದ್ದಲ್ಲೇ ಕುಸಿದು ಒಂದರ ಮೇಲೊಂದು ಕೂತವು. ಯಾರೋ ಹೊತ್ತು ತಂದು ಪೇರಿಸಿದಂತೆ ಕಾಣುವ ಈ ರಾಶಿಗಳನ್ನು ಯಾರೂ ತಂದದ್ದಲ್ಲ. ಸುತ್ತಲಿನದು ಹೋಗಿ ಅವು ಉಳಿದವು.

ಹಂಪಿ, ಆನೆಗೊಂದಿ, ರಾಮನಗರಗಳನ್ನು ನೋಡಿದವರಿಗೆ ಈ ನೋಟದ ಪರಿಚಯವಿದೆ. ಮೇಲ್ನೋಟಕ್ಕೆ ಮಾತ್ರವಲ್ಲ, ಬಂಡೆಗಳು ರೂಪುಗೊಂಡ ಬಗೆಯೂ ಎರಡೂ ಕಡೆ ಒಂದೇ: ಸೀಳು, ನೀರು, ಮೂಲೆ ಕರಗುವುದು, ಮಣ್ಣು ತೊಳೆದುಹೋಗುವುದು. ಅಂತರವಿರುವುದು ವಯಸ್ಸಿನಲ್ಲಿ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆ ಭೂವಿಜ್ಞಾನದಲ್ಲಿ ಉಳಿದುಕೊಂಡಿದೆ; ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದರ ಮುಂದೆ ಜೋಶುವಾ ಟ್ರೀಯ ಗ್ರಾನೈಟ್ ನಿನ್ನೆ ಮೊನ್ನೆಯದು. ಹಂಪಿಯ ಬಂಡೆಗಳ ಕಾಲಬುಡದಲ್ಲಿ ತುಂಗಭದ್ರೆ ಹರಿಯುತ್ತದೆ, ಬಾಳೆತೋಟ, ಭತ್ತದ ಗದ್ದೆಗಳಿವೆ. ಇಲ್ಲಿ ಬಂಡೆಯ ಬುಡದಲ್ಲಿರುವುದು ಒಣಹಳ್ಳದ ಮರಳು.

ಬಂಡೆಗಳಿಗೆ ಹೆಸರಿಡುವ ಚಟ ಎಲ್ಲ ದೇಶದವರಿಗೂ ಇದೆ. ಜಂಬೊ ರಾಕ್ಸ್ ಶಿಬಿರತಾಣದ ಬಳಿ, ರಸ್ತೆಯ ಅಂಚಿನಲ್ಲೇ ಇರುವ ಸ್ಕಲ್ ರಾಕ್ ತಲೆಬುರುಡೆಯ ಆಕಾರದ್ದು. ಮಳೆನೀರು ಸಣ್ಣ ಗುಳಿಗಳಲ್ಲಿ ನಿಂತು ನಿಂತು ಕಲ್ಲನ್ನು ಕೊರೆಯುತ್ತ ಎರಡು ಕಣ್ಣಿನ ಗೂಡುಗಳಾಗಿವೆ. ವೈಟ್ ಟ್ಯಾಂಕ್ ಬಳಿಯ ಆರ್ಚ್ ರಾಕ್ ಸುಮಾರು 9 ಮೀಟರ್ ಅಗಲದ ನೈಸರ್ಗಿಕ ಕಮಾನು. ಕ್ಯಾಪ್ ರಾಕ್, ಸ್ಪ್ಲಿಟ್ ರಾಕ್, ಹಾರ್ಟ್ ರಾಕ್ ಹೀಗೆ ಪಟ್ಟಿ ಬೆಳೆಯುತ್ತದೆ. ವಾಹನಗಳ ನೂಕುನುಗ್ಗಲಿರುವುದು ಈ ಹೆಸರುಳ್ಳ ಬಂಡೆಗಳ ಮುಂದೆಯೇ. ನೋಡುವುದಾದರೆ ಹಿಡನ್ ವ್ಯಾಲಿಯ ಒಂದೂವರೆ ಕಿಲೋಮೀಟರಿನ ಸುತ್ತುದಾರಿ ಇವೆಲ್ಲಕ್ಕಿಂತ ಮೇಲು. ಸುತ್ತ ಬಂಡೆಗೋಡೆಗಳು, ನಡುವೆ ಬಯಲು; ಬಿಸಿಗಾಳಿ ಕಡಿಮೆಯಾದ್ದರಿಂದ ಗಿಡಗಳೂ ಹೆಚ್ಚು. ಬಂಡೆಗಳ ಮೈಮೇಲೆ ಉದ್ದಕ್ಕೆ ಓಡುವ ಬಿಳಿ ಪಟ್ಟೆಗಳನ್ನೂ ಗಮನಿಸಬೇಕು. ಗ್ರಾನೈಟ್ ತಣಿದು ಸೀಳಿದ ಮೇಲೆ ಇನ್ನೊಂದು ಸುತ್ತು ಶಿಲಾಪಾಕ ಆ ಸೀಳುಗಳನ್ನು ತುಂಬಿ ಗಟ್ಟಿಯಾದದ್ದು ಅದು. ಸುತ್ತಲ ಕಲ್ಲಿಗಿಂತ ಗಡುಸಾದ್ದರಿಂದ ಕೆಲವೆಡೆ ಅವು ಮಾತ್ರ ಉಳಿದು, ಕೈಯಿಂದ ಕಟ್ಟಿದ ಕಲ್ಲುಗೋಡೆಯೇ ಎಂದು ಭ್ರಮೆಯಾಗುತ್ತದೆ.

ಬಂಡೆ ಹತ್ತುವವರಿಗೆ ಇದು ಜಗತ್ತಿನ ಹೆಸರಾಂತ ತಾಣಗಳಲ್ಲೊಂದು. ಗುರುತಿಸಿದ ಏರುದಾರಿಗಳೇ 8,000ಕ್ಕೂ ಹೆಚ್ಚು. ಹಗ್ಗವಿಲ್ಲದೆ ಗಿಡ್ಡ ಬಂಡೆಗಳನ್ನು ಹತ್ತುವ ಬೋಲ್ಡರಿಂಗ್‌ಗೆ ಹಂಪಿಗೆ ಬರುವ ವಿದೇಶಿಯರಿಗೆ ಈ ಉದ್ಯಾನದ ಹೆಸರು ಗೊತ್ತಿಲ್ಲದೆ ಇರುವುದು ಅಪರೂಪ.

ಜೋಶುವಾ ಮರ

ಉದ್ಯಾನಕ್ಕೆ ಹೆಸರು ಕೊಟ್ಟ ಈ ಸಸ್ಯ ಯುಕ್ಕಾ ಬ್ರೆವಿಫೋಲಿಯ. ಮರವೆನ್ನುವುದು ರೂಢಿ, ಕುಲದಿಂದ ಕತ್ತಾಳೆಯ ದಾಯಾದಿ. ಕಾಂಡದಲ್ಲಿ ವರ್ಷಕ್ಕೊಂದರಂತೆ ಬೆಳವಣಿಗೆಯ ಉಂಗುರಗಳಿಲ್ಲ, ಹೀಗಾಗಿ ಕಡಿದು ನೋಡಿದರೂ ವಯಸ್ಸು ತಿಳಿಯುವುದಿಲ್ಲ. ಎತ್ತರ ನೋಡಿ ಅಂದಾಜಿಸಬೇಕು. ಎಳೆಯದರಲ್ಲಿ ವರ್ಷಕ್ಕೆ 7 ಸೆಂಟಿಮೀಟರಿನಷ್ಟು ಬೆಳೆದರೆ ಆಮೇಲೆ ಅದರ ಅರ್ಧ. 12 ಮೀಟರ್ ಮುಟ್ಟಿದವು ದೈತ್ಯಗಳೇ ಸರಿ. ಸಾಮಾನ್ಯ ಆಯಸ್ಸು 150 ವರ್ಷವೆಂದು ಹೇಳುತ್ತಾರೆ. ಹೂ ಬಿಟ್ಟ ತುದಿ, ಇಲ್ಲವೇ ಹುಳು ಕೊರೆದ ತುದಿ ಮುಂದೆ ಬೆಳೆಯದೆ ಪಕ್ಕಕ್ಕೆ ಕವಲೊಡೆಯುತ್ತದೆ. ಒಂದೊಂದು ಮರಕ್ಕೆ ಒಂದೊಂದು ಆಕಾರ ಬಂದಿರುವುದು ಹೀಗೆ.

ಇದರ ಪರಾಗಸ್ಪರ್ಶದ ಕಥೆ ಸಸ್ಯಶಾಸ್ತ್ರದ ಅಚ್ಚರಿಗಳಲ್ಲಿ ಒಂದು. ಯುಕ್ಕಾ ಪತಂಗವೆಂಬ ಒಂದು ಸಣ್ಣ ಪತಂಗ ಬಿಟ್ಟರೆ ಈ ಹೂವಿಗೆ ಬೇರೆ ಗತಿಯಿಲ್ಲ. ಸಾಮಾನ್ಯವಾಗಿ ಕೀಟಗಳು ಮಕರಂದಕ್ಕೆ ಬಂದು ಅರಿಯದೆ ಪರಾಗ ಹೊತ್ತುಕೊಂಡು ಹೋಗುತ್ತವೆ. ಯುಕ್ಕಾ ಪತಂಗ ಹಾಗಲ್ಲ. ಹೆಣ್ಣು ಬಾಯಿಯ ಬಳಿಯ ವಿಶೇಷ ಅಂಗಗಳಿಂದ ಪರಾಗವನ್ನು ಒಟ್ಟುಮಾಡಿ ಉಂಡೆಕಟ್ಟಿ, ಇನ್ನೊಂದು ಹೂವಿಗೆ ಹಾರಿ, ಅಂಡಾಶಯದೊಳಗೆ ಮೊಟ್ಟೆಯಿಟ್ಟು, ಆಮೇಲೆ ಪರಾಗವನ್ನು ಹೂವಿನ ಶಲಾಕೆಯ ತುದಿಗೆ ಒತ್ತುತ್ತದೆ. ಬೀಜ ಕಟ್ಟಿದರೆ ತಾನೆ ಮರಿಹುಳುವಿಗೆ ಊಟ! ಮರಿಗಳು ಕೆಲವು ಬೀಜ ತಿನ್ನುತ್ತವೆ, ಉಳಿದವು ಮರದ ಸಂತಾನ. ಒಂದನ್ನು ಬಿಟ್ಟು ಇನ್ನೊಂದು ಬದುಕಲಾರದು.

ಬೀಜ ಪ್ರಸಾರದಲ್ಲಿ ಈ ಮರಕ್ಕೆ ಒಬ್ಬ ಹಳೆಯ ಜೊತೆಗಾರ ಇದ್ದಿರಬಹುದು. ಹಿಮಯುಗದ ಕೊನೆಯವರೆಗೆ ಈ ಸೀಮೆಯಲ್ಲಿದ್ದ ನೆಲದ ಸ್ಲಾತ್ ಎಂಬ ಭಾರಿ ಪ್ರಾಣಿಯ ಒಣಗಿ ಉಳಿದ ಲದ್ದಿ ನೆವಾಡದ ಗವಿಯೊಂದರಲ್ಲಿ ಸಿಕ್ಕಿದ್ದು, ಅದರಲ್ಲಿ ಜೋಶುವಾ ಮರದ ಅವಶೇಷಗಳಿವೆ. ಹಣ್ಣು ತಿಂದು ದೂರದೂರಕ್ಕೆ ಬೀಜ ಒಯ್ಯುತ್ತಿದ್ದ ಆ ಪ್ರಾಣಿ ಅಳಿದ ಮೇಲೆ ಉಳಿದದ್ದು ಇಲಿ, ಅಳಿಲುಗಳು. ಅವು ಒಯ್ಯುವುದು ನಾಲ್ಕು ಹೆಜ್ಜೆ. ಹವಾಮಾನ ಬಿಸಿಯಾದಂತೆ ತಂಪಿನ ಎತ್ತರಕ್ಕೆ ವಲಸೆ ಹೋಗಲು ಈ ವೇಗ ಸಾಲದು. ರಿವರ್‌ಸೈಡ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗಾಲದ ಹೊರಸೂಸುವಿಕೆಗೆ ಕಡಿವಾಣ ಬೀಳದಿದ್ದರೆ ಈ ಶತಮಾನದ ಕೊನೆಗೆ ಉದ್ಯಾನದಲ್ಲಿ ಈ ಮರಕ್ಕೆ ಯೋಗ್ಯವಾದ ನೆಲ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕಟ್ಟುನಿಟ್ಟಾಗಿ ತಗ್ಗಿಸಿದರೂ ಉಳಿಯುವುದು ಐದರಲ್ಲಿ ಒಂದು ಪಾಲು. ಈ ಮರದ ರಕ್ಷಣೆಗೆಂದೇ ಕ್ಯಾಲಿಫೋರ್ನಿಯ 2023ರಲ್ಲಿ ಕಾನೂನು ಮಾಡಿದೆ.

ಬೆಂಕಿಯ ಅಪಾಯ ಇನ್ನೂ ಹತ್ತಿರದ್ದು. ಮರುಭೂಮಿಯ ಗಿಡಗಳು ದೂರದೂರ ಬೆಳೆಯುವುದರಿಂದ ಹಿಂದೆ ಸಿಡಿಲಿನ ಬೆಂಕಿ ಒಂದೆರಡು ಮರ ಸುಟ್ಟು ಆರುತ್ತಿತ್ತು. ಈಗ ಹೊರಗಿನಿಂದ ಬಂದ ಹುಲ್ಲುಗಳು ಗಿಡಗಳ ನಡುವಿನ ತೆರವನ್ನು ತುಂಬಿ, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ದಾರಿಯಾಗುತ್ತವೆ. ಲಾಸ್ ಏಂಜಲೀಸ್ ಕಡೆಯಿಂದ ಬೀಸುವ ಹೊಗೆಗಾಳಿಯಲ್ಲಿನ ಸಾರಜನಕ ಈ ಹುಲ್ಲಿಗೆ ಗೊಬ್ಬರ. 1999ರ ಬೆಂಕಿಯಲ್ಲಿ ಉದ್ಯಾನದ ಸುಮಾರು 14,000 ಎಕರೆ ಸುಟ್ಟಿತು.

ಐರ್ಲೆಂಡಿನ ಯು2 ವಾದ್ಯತಂಡದ 1987ರ ಪ್ರಸಿದ್ಧ ಧ್ವನಿಮುದ್ರಿಕೆ ‘ದಿ ಜೋಶುವಾ ಟ್ರೀ’ಯಿಂದಾಗಿ ಇಲ್ಲಿಗೆ ಬರುವವರು ಇಂದಿಗೂ ಇದ್ದಾರೆ. ಅದರ ಹೊದಿಕೆಯಲ್ಲಿರುವ ಚಿತ್ರದ ಮರ ಈ ಉದ್ಯಾನದ್ದಲ್ಲ. ಉತ್ತರಕ್ಕೆ ಬಹಳ ದೂರದಲ್ಲಿ, ಡೆತ್ ವ್ಯಾಲಿಯ ಕಡೆ ಇತ್ತು. ಈಗ ಬಿದ್ದುಹೋಗಿದೆ.

ಪ್ರಾಣಿಗಳು

ಹಗಲು ಹನ್ನೆರಡಕ್ಕೆ ಬಂದು ನಿಂತವರಿಗೆ ಇಲ್ಲಿ ಪ್ರಾಣಿಗಳೇ ಇಲ್ಲವೆನಿಸುತ್ತದೆ. ಸಸ್ತನಿಗಳು 50ಕ್ಕೂ ಹೆಚ್ಚು, ಸರೀಸೃಪಗಳು 40ಕ್ಕೂ ಹೆಚ್ಚು, ಹಕ್ಕಿಗಳು ಸುಮಾರು 250 ಜಾತಿ ಇವೆ. ಆದರೆ ಬಹುಪಾಲು ಪ್ರಾಣಿಗಳ ದುಡಿಮೆ ರಾತ್ರಿ, ಇಲ್ಲವೇ ಬೆಳಗಿನ ಮತ್ತು ಸಂಜೆಯ ತಂಪಿನ ಹೊತ್ತು.

ನೀರಿಲ್ಲದೆ ಬದುಕುವ ವಿದ್ಯೆಯಲ್ಲಿ ಕಾಂಗರೂ ಇಲಿಯನ್ನು ಮೀರಿಸುವ ಪ್ರಾಣಿ ಇಲ್ಲಿಲ್ಲ. ಹಿಂಗಾಲಲ್ಲಿ ಜಿಗಿಯುವ ಈ ಪುಟ್ಟ ಇಲಿ ಜೀವಮಾನವಿಡೀ ನೀರು ಕುಡಿಯದೆ ಇರಬಲ್ಲದು. ತಿಂದ ಒಣಬೀಜ ಜೀರ್ಣವಾಗುವಾಗ ದೇಹದೊಳಗೆ ಹುಟ್ಟುವ ನೀರೇ ಅದಕ್ಕೆ ಸಾಕು. ಅದರ ಮೂತ್ರಪಿಂಡ ಅತಿ ಗಟ್ಟಿಯಾದ ಮೂತ್ರವನ್ನು ಮಾತ್ರ ಹೊರಬಿಡುತ್ತದೆ. ಉಸಿರಿನ ತೇವ ಹೊರಹೋಗದಂತೆ ಮೂಗಿನ ಒಳಭಾಗವೇ ತಡೆಯುತ್ತದೆ. ಹಗಲೆಲ್ಲ ಬಿಲದ ಬಾಯಿ ಮಣ್ಣಿನಿಂದ ಮುಚ್ಚಿಕೊಂಡು ಒಳಗಿರುತ್ತದೆ.

ಮರುಭೂಮಿ ಆಮೆಯದು ಇನ್ನೊಂದು ಹಾದಿ. ಆಯಸ್ಸಿನ ನೂರಕ್ಕೆ 95 ಪಾಲನ್ನು ಅದು ತೋಡಿಕೊಂಡ ಬಿಲದಲ್ಲೇ ಕಳೆಯುತ್ತದೆ. ವಸಂತದ ಹಸಿರಿಗೂ ಮಳೆ ಬಂದಾಗಲೂ ಹೊರಬರುತ್ತದೆ. ಕುಡಿದ ನೀರನ್ನು ಮೂತ್ರಕೋಶದಲ್ಲೇ ತಿಂಗಳುಗಟ್ಟಲೆ ಕೂಡಿಟ್ಟು ಬೇಕಾದಾಗ ಹೀರಿಕೊಳ್ಳುತ್ತದೆ. ಇದೇ ಅದಕ್ಕೆ ಮುಳುವೂ ಆಗಬಹುದು. ಮುದ್ದಿಗೆಂದು ಯಾರಾದರೂ ಎತ್ತಿಕೊಂಡರೆ ಹೆದರಿಕೆಯಲ್ಲಿ ಆ ನೀರನ್ನೆಲ್ಲ ಬಿಟ್ಟುಬಿಡುತ್ತದೆ; ಮುಂದಿನ ಮಳೆಯವರೆಗೆ ದಕ್ಕಬೇಕಾದ ಗಂಟು ಅದು. ಆಮೆಯನ್ನು ಮುಟ್ಟಬಾರದೆಂಬ ನಿಯಮ ಇರುವುದು ಇದಕ್ಕಾಗಿ. ನೆರಳು ಹುಡುಕಿ ನಿಂತ ಕಾರಿನಡಿಗೆ ಬರುವ ಅಭ್ಯಾಸವೂ ಅದಕ್ಕಿದೆ, ಹಾಗಾಗಿ ಹೊರಡುವ ಮುನ್ನ ಬಗ್ಗಿ ನೋಡುವುದು ಅಲ್ಲಿನ ರೂಢಿ. 1990ರಿಂದ ಅಮೆರಿಕದ ಕಾನೂನಿನಲ್ಲಿ ಇದು ಅಪಾಯದಲ್ಲಿರುವ ಜೀವಿ. ಜನ ಬಿಟ್ಟುಹೋದ ಕಸದಿಂದ ಹೆಚ್ಚಿಕೊಂಡಿರುವ ರೇವನ್ ಎಂಬ ದೊಡ್ಡ ಕಾಗೆಗಳು ಚಿಪ್ಪು ಗಟ್ಟಿಯಾಗದ ಆಮೆಮರಿಗಳನ್ನು ಕುಕ್ಕಿ ತಿನ್ನುತ್ತವೆ. ಒಂದು ಚಿಪ್ಸ್ ಪೊಟ್ಟಣಕ್ಕೂ ಆಮೆಯ ಸಾವಿಗೂ ನಂಟಿದೆಯೆಂದರೆ ಅತಿಶಯೋಕ್ತಿಯಲ್ಲ.

ಎಲ್ಲರೂ ನೋಡಬಯಸುವುದು ಬಿಗ್‌ಹಾರ್ನ್ ಕಾಡುಕುರಿಯನ್ನು. ಬಲಿತ ಟಗರಿನ ಸುರುಳಿ ಕೊಂಬಿನ ತೂಕವೇ 13–14 ಕಿಲೋ ಇರಬಹುದು. ಕಲ್ಲಿನ ಬಣ್ಣದ್ದೇ ಮೈಬಣ್ಣವಾದ್ದರಿಂದ ಅಲುಗಾಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಕಡಿದಾದ ಬಂಡೆಯೇ ಅದರ ಕೋಟೆ. ಬೆಟ್ಟದ ಸಿಂಹವೆಂದು ಕರೆಯುವ ಪ್ಯೂಮಾ ಬೆನ್ನಟ್ಟಿದರೆ ಓಡುವುದು ಮೇಲಕ್ಕೆ. ಈಗಲ್ ಬೆಟ್ಟಗಳು, ಲಿಟಲ್ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳು, ವಂಡರ್‌ಲ್ಯಾಂಡ್ ಆಫ್ ರಾಕ್ಸ್ ಎಂಬ ಬಂಡೆಗಾಡು, ಈ ಮೂರು ಕಡೆ ಹಿಂಡುಗಳಿವೆ. ಬೇಸಿಗೆಯಲ್ಲಿ ನೀರಿನ ತಾಣಗಳ ಸುತ್ತಲೇ ಇರಬೇಕಾದ್ದರಿಂದ, ಅಲ್ಲಿ ಜನ ಕೂತುಬಿಟ್ಟರೆ ಕುರಿಗಳು ಬಾಯಾರಿ ಹಿಂದಿರುಗುತ್ತವೆ.

ಹಕ್ಕಿಗಳಲ್ಲಿ ರೋಡ್‌ರನ್ನರ್ ಹಾರುವುದಕ್ಕಿಂತ ಓಡುವುದರಲ್ಲಿ ಚುರುಕು. ನಮ್ಮ ಬೇಲಿಸಾಲಿನ ಕೆಂಬೂತದಂತೆ ಇದೂ ಕೋಗಿಲೆಯ ಕುಟುಂಬದ್ದು. ಓತಿ, ಹಾವುಗಳೇ ಊಟ. ಫೈನೋಪೆಪ್ಲಾ ಎಂಬ ಜುಟ್ಟಿನ ಕಪ್ಪು ಹಕ್ಕಿ ಬಂದಳಿಕೆಯ ಹಣ್ಣು ತಿಂದು ಅದರ ಬೀಜ ಹರಡುತ್ತದೆ. ನಮ್ಮಲ್ಲಿ ಬದನಿಕೆ ಹಕ್ಕಿ ಮಾಡುವ ಕೆಲಸವೇ ಇದು. ಜಾತಿ ಬೇರೆ, ಕಸುಬು ಒಂದೇ. ಕ್ಯಾಕ್ಟಸ್ ರೆನ್ ಹಕ್ಕಿ ಗೂಡು ಕಟ್ಟುವುದು ಚೋಯಾ ಕಳ್ಳಿಯ ಮುಳ್ಳುಗಳ ನಡುವೆಯೇ.

ಬಿದ್ದ ಜೋಶುವಾ ಮರದ ಕೊರಡಿನಡಿಯಲ್ಲಿ ಯುಕ್ಕಾ ಹಲ್ಲಿ ಬಾಳುತ್ತದೆ. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಹಲ್ಲಿ ಅದು. ಚಕ್ವಾಲಾ ಎಂಬ ದಪ್ಪ ಓತಿ ಅಪಾಯ ಕಂಡರೆ ಬಂಡೆಯ ಬಿರುಕಿಗೆ ನುಗ್ಗಿ, ಶ್ವಾಸಕೋಶಕ್ಕೆ ಗಾಳಿ ತುಂಬಿ ಉಬ್ಬಿ ಕೂರುತ್ತದೆ. ಎಳೆದರೂ ಬರುವುದಿಲ್ಲ. ಗಿಲಕಿ ಹಾವುಗಳು ಹಲವು ಜಾತಿಯವು. ಕಾಣದ ಕಡೆ ಕೈ ಇಡದಿದ್ದರೆ, ಕಾಲು ಹಾಕದಿದ್ದರೆ ಅವುಗಳಿಂದ ತೊಂದರೆಯಿಲ್ಲ. ಕೆಂಪುಚುಕ್ಕೆಯ ನೆಲಗಪ್ಪೆ ವರ್ಷದ ಬಹುಪಾಲು ಅಡಗಿದ್ದು, ಮಳೆಯ ಗುಂಡಿಗಳು ಒಣಗುವುದರೊಳಗೆ ವಂಶ ಬೆಳೆಸಿಕೊಳ್ಳುತ್ತದೆ. ತೋಳದ ಜಾತಿಯ ಕಯೋಟಿ ಮಾತ್ರ ಹಗಲಿನಲ್ಲೇ ರಸ್ತೆಬದಿಯಲ್ಲಿ ಕಾಣುತ್ತದೆ. ತಿನ್ನಲು ಏನಾದರೂ ಎಸೆಯುವವರಿದ್ದಾರೆ, ಅದಕ್ಕೆ. ಎಸೆಯಬಾರದು.

ಜನ

ಪಿಂಟೊ ಬೇಸಿನ್ ಬಯಲಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಮನುಷ್ಯರಿದ್ದರೆಂಬುದಕ್ಕೆ ಕಲ್ಲಿನ ಆಯುಧಗಳು ಸಾಕ್ಷಿ. 1930ರ ದಶಕದಲ್ಲಿ ಎಲಿಜಬೆತ್ ಮತ್ತು ವಿಲಿಯಂ ಕ್ಯಾಂಬೆಲ್ ದಂಪತಿ ಇವನ್ನು ಶೋಧಿಸಿ ಪ್ರಕಟಿಸಿದರು. ಈಚಿನ ಶತಮಾನಗಳಲ್ಲಿ ಸೆರಾನೊ, ಕಹುಯಿಯಾ, ಚೆಮಿಹುಎವಿ, ಮೊಹಾವಿ ಜನಾಂಗಗಳು ಇಲ್ಲಿ ಬಾಳಿದವು. ಕಹುಯಿಯಾ ಜನ ಜೋಶುವಾ ಮರದ ಎಲೆನಾರಿನಿಂದ ಚಪ್ಪಲಿ, ಬುಟ್ಟಿ ಹೆಣೆದರು, ಹೂಮೊಗ್ಗು ಮತ್ತು ಬೀಜ ತಿಂದರು. ಉತ್ತರದ ಅಂಚಿನ ಮಾರಾ ಓಯಸಿಸ್ ಸೆರಾನೊ ಜನರ ನೆಲೆ. ಗಂಡುಮಕ್ಕಳು ಬೇಕೆಂದು ಬಯಸಿ ಬಂದವರು ಹುಟ್ಟಿದ ಒಂದೊಂದು ಗಂಡುಮಗುವಿಗೂ ಒಂದೊಂದು ತಾಳೆ ನೆಟ್ಟು, ಮೊದಲ ವರ್ಷವೇ 29 ಮರಗಳಾದವೆಂಬುದು ಅವರ ಐತಿಹ್ಯ. ಪಕ್ಕದ ಊರಿನ ಹೆಸರೂ ‘ಇಪ್ಪತ್ತೊಂಬತ್ತು ತಾಳೆಗಳು’ ಎಂಬರ್ಥದ ಟ್ವೆಂಟಿನೈನ್ ಪಾಮ್ಸ್‌. ಇಲ್ಲಿ ತಾಳೆ ಬೆಳೆದದ್ದಕ್ಕೆ ಭೂವಿಜ್ಞಾನ ಹೇಳುವ ಕಾರಣ ಬೇರೆ: ಇಲ್ಲಿ ಹಾದುಹೋಗುವ ಪಿಂಟೊ ಸ್ತರಭಂಗದ ಉದ್ದಕ್ಕೂ ಪುಡಿಯಾದ ಕಲ್ಲು ಅಂತರ್ಜಲಕ್ಕೆ ಅಡ್ಡಕಟ್ಟೆಯಾಗಿ ನೀರು ಮೇಲಕ್ಕೆ ಬರುತ್ತದೆ. ಎರಡು ವಿವರಣೆಗಳಿಗೂ ಜಗಳವೇನಿಲ್ಲ.

1870ರ ದಶಕದಿಂದ ದನಗಾಹಿಗಳೂ ಅವರ ಹಿಂದೆ ಚಿನ್ನ ಅರಸುವವರೂ ಬಂದರು. ಸುಮಾರು 300 ಗಣಿಗಳು ತೆರೆದರೂ ಲಾಭ ಕಂಡವು ಬೆರಳೆಣಿಕೆಯಷ್ಟು. ಲಾಸ್ಟ್ ಹಾರ್ಸ್ ಗಣಿಯಲ್ಲಿ 10,000 ಔನ್ಸ್ ಚಿನ್ನ ಸಿಕ್ಕಿತು. ದನಗಳಿಗೆಂದು 1900ರ ಸುಮಾರಿಗೆ ಕಟ್ಟಿದ ಬಾರ್ಕರ್ ಅಣೆಕಟ್ಟೆ ಮಳೆಯಾದ ವರ್ಷ ಇಂದಿಗೂ ತುಂಬುತ್ತದೆ. ಅದರ ಸಮೀಪದ ಹಳೆಯ ಬಂಡೆಚಿತ್ರಗಳ ಮೇಲೆ, ಕ್ಯಾಮೆರಾಗೆ ಎದ್ದು ಕಾಣಲೆಂದು ಸಿನಿಮಾದವರು ಬಣ್ಣ ಬಳಿದಿದ್ದಾರೆ. ಈ ನೆಲದ ಮೇಲೆ ಮನುಷ್ಯ ಮಾಡಿದ ಮೂರ್ಖತನಗಳಲ್ಲಿ ಅದಕ್ಕೆ ಮೊದಲ ಸ್ಥಾನ ಸಲ್ಲಬೇಕು.

ಬಿಲ್ ಕೀಸ್ ಎಂಬಾತ 1910ರಿಂದ 1969ರಲ್ಲಿ ಸಾಯುವವರೆಗೆ ಇಲ್ಲೇ ಸಂಸಾರ ಹೂಡಿ, ತೋಟ ಮಾಡಿ, ಗಣಿಗಳಲ್ಲಿ ಬಿಟ್ಟುಹೋದ ಸಾಮಾನನ್ನೆಲ್ಲ ತಂದು ಗುಡ್ಡೆಹಾಕಿ ಬದುಕಿದ. 1943ರಲ್ಲಿ ದಾರಿಯ ವ್ಯಾಜ್ಯದಲ್ಲಿ ನೆರೆಯವನನ್ನು ಗುಂಡಿಟ್ಟು ಕೊಂದು ಜೈಲಿಗೆ ಹೋದ. ಪೆರಿ ಮೇಸನ್ ಕಾದಂಬರಿಗಳ ಕರ್ತೃ ಅರ್ಲ್ ಸ್ಟಾನ್ಲಿ ಗಾರ್ಡನರ್ ಅವನ ಪರ ನಿಂತರು. 1956ರಲ್ಲಿ ಕ್ಷಮಾದಾನ ಸಿಕ್ಕಿತು. ಅವನ ಮನೆ, ಶಾಲೆಯ ಕೊಠಡಿ, ಯಂತ್ರಗಳು ಹಾಗೆಯೇ ಇವೆ. ರೇಂಜರ್ ಜೊತೆಗಿದ್ದರೆ ಮಾತ್ರ ಪ್ರವೇಶ.

ಉದ್ಯಾನವಾದದ್ದು

ಉದ್ಯಾನದ ಹಿಂದೆ ಮಿನರ್ವಾ ಹ್ಯಾಮಿಲ್ಟನ್ ಹೊಯ್ಟ್ ಎಂಬ ಒಬ್ಬ ಹೆಂಗಸಿನ ಹಟವಿದೆ. ಮಿಸಿಸಿಪ್ಪಿಯಲ್ಲಿ ಹುಟ್ಟಿ ಪಾಸಡೀನ ಕಡೆ ನೆಲೆಸಿದ ಆಕೆಗೆ ತೋಟಗಾರಿಕೆಯ ಹುಚ್ಚು. 1920ರ ದಶಕದಲ್ಲಿ ಕಾರುಗಳು ಬಂದ ಮೇಲೆ ಜನ ಮರುಭೂಮಿಯ ಕಳ್ಳಿ, ಯುಕ್ಕಾಗಳನ್ನು ಕಿತ್ತು ತಮ್ಮ ತೋಟಗಳಿಗೆ ಒಯ್ಯುವುದು, ಜೋಶುವಾ ಮರಗಳಿಗೆ ಮೋಜಿಗೆ ಬೆಂಕಿ ಹಚ್ಚುವುದು ನಡೆದಿತ್ತು. ಆಕೆ ನ್ಯೂಯಾರ್ಕ್, ಬಾಸ್ಟನ್, ಲಂಡನ್‌ಗಳಲ್ಲಿ ಮರುಭೂಮಿ ಸಸ್ಯಗಳ ಪ್ರದರ್ಶನ ಏರ್ಪಡಿಸಿ, 1930ರಲ್ಲಿ ಮರುಭೂಮಿ ಸಂರಕ್ಷಣೆಗೆ ಅಂತರರಾಷ್ಟ್ರೀಯ ಸಂಘ ಕಟ್ಟಿ, ವರ್ಷಗಟ್ಟಲೆ ಸರ್ಕಾರದ ಬೆನ್ನು ಬಿದ್ದರು. 1936ರ ಆಗಸ್ಟ್ 10ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 8 ಲಕ್ಷ 25 ಸಾವಿರ ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1950ರಲ್ಲಿ ಗಣಿಗಾರರ ಒತ್ತಾಯಕ್ಕೆ ಎರಡೂವರೆ ಲಕ್ಷ ಎಕರೆಗೂ ಹೆಚ್ಚು ನೆಲ ಕೈಬಿಟ್ಟಿತು. 1994ರ ಅಕ್ಟೋಬರ್ 31ರ ಕ್ಯಾಲಿಫೋರ್ನಿಯ ಮರುಭೂಮಿ ಸಂರಕ್ಷಣಾ ಕಾಯ್ದೆ 2 ಲಕ್ಷ 34 ಸಾವಿರ ಎಕರೆ ಸೇರಿಸಿ ರಾಷ್ಟ್ರೀಯ ಉದ್ಯಾನದ ಪದವಿ ಕೊಟ್ಟಿತು.

ಕಾವಲು ಇಲ್ಲದಿದ್ದರೆ ಏನಾಗುತ್ತದೆಂಬುದು 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಗೊತ್ತಾಯಿತು. ಅನುದಾನದ ಬಿಕ್ಕಟ್ಟಿನಿಂದ ಅಮೆರಿಕದ ಸರ್ಕಾರಿ ಕಚೇರಿಗಳು 35 ದಿನ ಮುಚ್ಚಿದ್ದಾಗ ಉದ್ಯಾನ ತೆರೆದೇ ಇತ್ತು, ಸಿಬ್ಬಂದಿ ಇರಲಿಲ್ಲ. ಕೆಲವರು ರಸ್ತೆ ಬಿಟ್ಟು ವಾಹನ ಓಡಿಸಿದರು, ಜೋಶುವಾ ಮರಗಳನ್ನು ಉರುಳಿಸಿದರು. ಸೂಕ್ಷ್ಮಜೀವಿಗಳು ಕಟ್ಟಿದ ಇಲ್ಲಿನ ಮಣ್ಣಿನ ಹೊರಪದರ ಒಮ್ಮೆ ಚಕ್ರಕ್ಕೆ ಸಿಕ್ಕರೆ ಸರಿಹೋಗಲು ಬಹಳ ವರ್ಷ ಬೇಕು.

ಭೇಟಿ

ಅಕ್ಟೋಬರಿನಿಂದ ಮೇವರೆಗೆ ಹೋಗಲು ಯೋಗ್ಯ. ಚಳಿಗಾಲದ ಹಗಲು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡವರಿದ್ದಾರೆ. ನಮ್ಮೂರ ಬಿಸಿಲು ಕಂಡವರಿಗೆ ಇದೇನು ಮಹಾ ಎನ್ನುವ ಧೈರ್ಯ ಬೇಡ: ಇಲ್ಲಿನ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ದೇಹ ಒಣಗುವುದು ತಿಳಿಯುವುದಿಲ್ಲ. ಮಾರ್ಚ್, ಏಪ್ರಿಲ್‌ಗಳು ಹೂವಿನ ಕಾಲ. ವಾರಾಂತ್ಯದಲ್ಲಿ ಪಶ್ಚಿಮ ದ್ವಾರದ ಮುಂದೆ ಕಾರುಗಳ ಸಾಲು ಉದ್ದವಿರುತ್ತದೆ. ಟ್ವೆಂಟಿನೈನ್ ಪಾಮ್ಸ್‌ನ ಉತ್ತರ ದ್ವಾರದಲ್ಲಿ ಅಷ್ಟಿಲ್ಲ. 2024ರಲ್ಲಿ ಒಂದು ಕಾರಿಗೆ 7 ದಿನಗಳ ಪ್ರವೇಶಶುಲ್ಕ 30 ಡಾಲರ್ ಇತ್ತು.

ಒಂದೇ ದಿನ ಇರುವವರು ಬೆಳಗಿನ ಜಾವ ಬಾರ್ಕರ್ ಅಣೆಕಟ್ಟೆ ಮತ್ತು ಹಿಡನ್ ವ್ಯಾಲಿ ಮುಗಿಸಿ, ನಡುಹಗಲು ನೆರಳಲ್ಲಿ ಕಳೆದು, ಸಂಜೆ ಕೀಸ್ ವ್ಯೂ ದಿಬ್ಬಕ್ಕೆ ಹೋಗುವುದು ಒಳ್ಳೆಯದು. ಸುಮಾರು 1,580 ಮೀಟರ್ ಎತ್ತರದ ಆ ಜಾಗದಿಂದ ಕೋಚೆಲ್ಲ ಕಣಿವೆ, ಸಾಲ್ಟನ್ ಸರೋವರ, ಸ್ಯಾನ್ ಹಸಿಂಟೊ ಬೆಟ್ಟ, ಜೊತೆಗೆ ಭೂಕಂಪಗಳಿಗೆ ಕುಖ್ಯಾತವಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಗೆರೆ ಕಾಣುತ್ತವೆ. ರಾತ್ರಿ ಉಳಿಯುವಂತಿದ್ದರೆ ಪೂರ್ವದ ಕಡೆ ಸರಿಯಬೇಕು. 2017ರಲ್ಲಿ ಕತ್ತಲ ಆಕಾಶದ ಅಂತರರಾಷ್ಟ್ರೀಯ ಉದ್ಯಾನವೆಂಬ ಮಾನ್ಯತೆ ಪಡೆದ ಜಾಗವಿದು. ಪಶ್ಚಿಮದಲ್ಲಿ ಊರುಗಳ ಬೆಳಕು ಆಕಾಶಕ್ಕೆ ಹತ್ತುತ್ತದೆ. ಪಿಂಟೊ ಬೇಸಿನ್ನಿನಲ್ಲಿ ಬೇಸಿಗೆಯ ರಾತ್ರಿ ಆಕಾಶಗಂಗೆ ಸ್ಪಷ್ಟ.

ಒಳಗೆ ಹೋಟೆಲಿಲ್ಲ, ಅಂಗಡಿಯಿಲ್ಲ, ಪೆಟ್ರೋಲಿಲ್ಲ. ಮೊಬೈಲ್ ಸಂಕೇತ ಬಹುಪಾಲು ಕಡೆ ಸಿಗದು, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಮಲಗುವುದು ಗುಡಾರದಲ್ಲಿ, ಇಲ್ಲವೇ ಹೊರಗಿನ ಊರುಗಳಲ್ಲಿ. ಡ್ರೋನ್ ಹಾರಿಸುವಂತಿಲ್ಲ, ಸಾಕುನಾಯಿಯನ್ನು ಕಾಲುದಾರಿಗಳಿಗೆ ಕರೆದೊಯ್ಯುವಂತಿಲ್ಲ. ದೂರದಲ್ಲಿ ಮಳೆ ಕಂಡರೆ ಒಣಹಳ್ಳದಿಂದ ಮೇಲೆ ಬರಬೇಕು. ಕುಡಿಯುವ ನೀರಿನ ನಲ್ಲಿಗಳಿರುವುದು ಉದ್ಯಾನದ ಅಂಚಿನಲ್ಲಿ ಮಾತ್ರ: ಪಶ್ಚಿಮ ದ್ವಾರ, ಬ್ಲ್ಯಾಕ್ ರಾಕ್, ಇಂಡಿಯನ್ ಕೋವ್, ಟ್ವೆಂಟಿನೈನ್ ಪಾಮ್ಸ್‌, ದಕ್ಷಿಣದ ಕಾಟನ್‌ವುಡ್. ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್, ನಡೆಯುವವರಿಗೆ ಅದರ ಎರಡು ಪಟ್ಟು ಬೇಕು. ಅಲ್ಲೇ ತುಂಬಿಸಿಕೊಳ್ಳಿ, ಮುಂದೆ ಎಲ್ಲಿಯೂ ಸಿಗುವುದಿಲ್ಲ.